ಯೆಸ್ಲಿ ಎರವಲು ಪಡೆದ ಸೂರು

ಇಕಿತೋಸ್
೧೮ ಮೇ ೨೦೦೩

ಪ್ರೀತಿಯ ಓರ್ಫಾ ಅಕ್ಕನಿಗೆ,

ನಿನ್ನ ತಂಗಿ ಬದುಕಿದ್ದಾಳೆ, ಹೊತ್ತು ಹೊತ್ತಿಗೆ ಉಣ್ಣುತ್ತಿದ್ದಾಳೆ, ಬರೆಯುವ ಕೈಗೂ ಏನೂ ಆಗಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟೆ. ಇನ್ನು ನೀನು ಬೈಯಬಹುದು. ಈಸ್ಟರ್‌ಗೆ ಮುಂಚೆ ರೆಕೇನಾದಿಂದ ನದಿಯ ಲಾಂಚಿನಲ್ಲಿ ನೀನು ಕಳಿಸಿದ ಕಾಗದವೂ ಒಣಗಿಸಿದ ಪೈಚೆ ಮೀನೂ ಒಟ್ಟಿಗೇ ತಲುಪಿದವು. ಮೀನು ಅದೇ ವಾರ ಮುಗಿಯಿತು. ಕಾಗದಕ್ಕೆ ಉತ್ತರ ಮಾತ್ರ ಈಗ ಬರೆಯುತ್ತಿದ್ದೇನೆ. ತಪ್ಪು ನನ್ನದಲ್ಲ, ಟಿ.ವಿ.ಯದು.

ಶಾಲೆಯ ಕೆಲಸದ ಜೊತೆಗೆ ನಾನು ಇಲ್ಲಿನ ಚಾನೆಲ್ಲಿಗೆ ಧಾರಾವಾಹಿ ಬರೆಯುತ್ತಿದ್ದೇನೆ ಎಂದಾಗ ನೀನು ನಕ್ಕಿದ್ದೆಯಂತೆ. ನಿಮ್ಮಲ್ಲಿಗೆ ನಮ್ಮ ಚಾನೆಲ್ ಬರುವುದಿಲ್ಲ, ಇಲ್ಲದಿದ್ದರೆ ನೀನೂ ಏಳು ಗಂಟೆಗೆ ಒಲೆ ಆರಿಸಿ ಕೂರುತ್ತಿದ್ದೆ. 'ದೋಣಿಕಟ್ಟೆಯ ಮನೆ' ಎಂದು ಅದರ ಹೆಸರು. ಒಂದು ವಠಾರ, ಅಲ್ಲಿನ ಹೆಂಗಸರು, ಮಕ್ಕಳು. ಒಬ್ಬಳ ಗಂಡ ಹೊಡೆಯುತ್ತಾನೆ, ಇನ್ನೊಬ್ಬಳ ಸಂಬಳವನ್ನು ಅತ್ತೆ ಕಿತ್ತುಕೊಳ್ಳುತ್ತಾಳೆ, ಮಧ್ಯೆ ನಗುವೂ ಜಗಳವೂ ಇದೆ. ಪ್ರತಿ ಕಂತಿನ ಕೊನೆಯಲ್ಲಿ ಒಂದು ಫೋನ್ ನಂಬರ್ ಬರುತ್ತದೆ. ಚರ್ಚಿನ ಹೆಂಗಸರು ಆ ಫೋನಿನ ಮುಂದೆ ಕೂತಿರುತ್ತಾರೆ. ಮೊದಲ ವಾರ ಫೋನ್ ಮಾಡಿದವರೆಲ್ಲ ನಮ್ಮ ನಾಯಕ ನಟನಿಗೆ ಮದುವೆಯಾಗಿದೆಯೇ ಎಂದು ಕೇಳುವವರೇ.

ಆಮೇಲೆ ಲುಸ್ಮಿಲಾ ಬಂದಳು. ಅವಳು ಧಾರಾವಾಹಿಯ ಹುಡುಗಿ, ಹನ್ನೆರಡು ವರ್ಷ. ಮನೆಯಲ್ಲಿ ಮಲತಂದೆ ಅವಳ ಮೈ ಮುಟ್ಟುತ್ತಾನೆ. ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು ಎಂದು ಗೊತ್ತಾಗದೆ ಒದ್ದಾಡಿ, ಕಡೆಗೆ ಒಂದು ದಿನ ಪೊಲೀಸ್ ಠಾಣೆಗೆ ಹೋಗಿ ಹೇಳುತ್ತಾಳೆ. ಆ ಕಂತು ಬರೆಯಲು ನನಗೆ ಬಹಳ ದಿನ ಹಿಡಿಯಿತು. ನಮ್ಮ ನಿರ್ದೇಶಕ ನೆಸ್ತೋರ್ ನಾಲ್ಕು ಸಲ ತಿದ್ದಿಸಿದ. "ದೆಲ್ಮಿರಾ, ಇದು ಡಾಕ್ಟರ್ ಮಾತಾಡ್ದಂಗಿದೆ. ಮಗು ಹೆಂಗೆ ಹೇಳತ್ತೆ ಅದನ್ನ ಬರಿ" ಎಂದ. ಬರೆದೆ.

ಈಗ ಪೇಟೆಗೆ ಹೋದರೆ ನನಗೆ ನೆಮ್ಮದಿಯಿಲ್ಲ. ಮೀನು ಮಾರುವವಳೊಬ್ಬಳು ಚಾಕು ಹಿಡಿದೇ ಅಡ್ಡ ನಿಂತಳು. "ಏನಮ್ಮಾ ಟೀಚರಮ್ಮ, ಆ ಬೇವರ್ಸಿ ಮಲತಂದೇನ ಯಾವಾಗ ಸಾಯಿಸ್ತೀಯ? ನೀನು ಸಾಯಿಸ್ತೀಯೋ ನಾನೇ ಬಂದು ಸೀಳ್ಲೋ?" ಆ ಪಾತ್ರ ಮಾಡುವ ಪಾಪದ ನಟನಿಗೆ ಮೋಟಾರು ರಿಕ್ಷಾದವರು ನಿಲ್ಲಿಸುವುದೇ ಇಲ್ಲ. ಬಿಸಿಲಲ್ಲಿ ನಡೆದೇ ಚಿತ್ರೀಕರಣಕ್ಕೆ ಬರುತ್ತಾನೆ.

ಇಷ್ಟೆಲ್ಲ ಬರೆದದ್ದು ಮುಖ್ಯ ಸುದ್ದಿಗೆ ಬರಲು. ಕೆಳಗಿನ ಬೆಲೆನ್ ಕೇರಿಯಲ್ಲಿ, ನೀರ ಮೇಲಿನ ಮನೆಗಳಲ್ಲಿ, ಯೆಸ್ಲಿ ಎಂಬ ಹುಡುಗಿ ಇದ್ದಾಳೆ. ಅವಳಿಗೂ ಹನ್ನೆರಡು. ಅವಳ ಸೋದರತ್ತೆ, ಹೆತ್ತಪ್ಪನ ಒಡಹುಟ್ಟಿದ ಗ್ರಿಮಾನೆಸಾ, ಪೇಟೆಯಲ್ಲಿ ಎಲೆಯಲ್ಲಿ ಕಟ್ಟಿದ ಅನ್ನ ಮಾರುತ್ತಾಳೆ. ಆ ಕಂತು ಬಂದ ಮರುದಿನ ಯೆಸ್ಲಿ ಅತ್ತೆಯ ಅಂಗಡಿಗೆ ಹೋಗಿ, "ಅತ್ತೇ, ನಂಗೂ ಲುಸ್ಮಿಲಾಗೆ ಆದಂಗೇ ಆಗ್ತಿದೆ" ಎಂದಳಂತೆ. ಅಷ್ಟೇ ಮಾತು. ಗ್ರಿಮಾನೆಸಾ ಹಂಡೆಯನ್ನು ಉರಿಯ ಮೇಲೆಯೇ ಬಿಟ್ಟು, ಹುಡುಗಿಯ ಕೈ ಹಿಡಿದು ಠಾಣೆಗೆ ನಡೆದಳು. ಯೆಸ್ಲಿಯ ಅಮ್ಮನ ಈಗಿನ ಗಂಡನನ್ನು ಪೊಲೀಸರು ಹಿಡಿದಿದ್ದಾರೆ.

ಚಾನೆಲ್‌ನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನೆಸ್ತೋರ್ ಅತ್ತ. ನನ್ನ ಬೆನ್ನು ತಟ್ಟಿ, "ನೀನು ಬರೆದ ಮಾತು ಒಂದು ಮಗೂನ ಉಳಿಸ್ತು ಕಣೆ" ಎಂದ. ನಾನೂ ನಕ್ಕೆ. ಆದರೆ ಅಂದೇ ಆ ಕಂತಿನ ಹಾಳೆಗಳನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ, ಏಕೆಂದು ಕೇಳಬೇಡ.

ಮಕ್ಕಳಿಗೆ ಮುತ್ತು. ನಿನ್ನ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಿಕೋ. ಮಾತೆ ಮರಿಯಮ್ಮ ನಿನ್ನ ಮನೆಯ ಹೊಸ್ತಿಲಲ್ಲೇ ಇರಲಿ.

ನಿನ್ನ ತಂಗಿ
ದೆಲ್ಮಿರಾ


ಇಕಿತೋಸ್
೭ ಸೆಪ್ಟೆಂಬರ್ ೨೦೦೩

ಪ್ರೀತಿಯ ಅಕ್ಕಾ,

ನಿನ್ನ ಎರಡು ಕಾಗದಗಳು ಮೇಜಿನ ಮೇಲಿವೆ. ಒಂದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದಿದ್ದೀಯ. ಸರಿಯಾಗಿಯೇ ಬೈದಿದ್ದೀಯ. ನದಿ ಇಳಿದು ಬೆಲೆನ್ ಪೂರ್ತಿ ಕೆಸರಾಗಿದೆ, ನನ್ನ ತಲೆಯೂ ಹಾಗೇ ಇದೆ.

ಸಕಲ ಸಂತರ ಹಬ್ಬಕ್ಕೆ ಬಂದು ಪಪ್ಪಾ ಅಬ್ಸಲೋನ್ ಸಮಾಧಿಗೆ ಇಬ್ಬರೂ ಸೇರಿ ಸುಣ್ಣ ಬಳಿಯೋಣ ಎಂದು ಬರೆದಿದ್ದೀಯ. ಅದಕ್ಕೆ ಉತ್ತರ ಈಗ ಬೇಡ, ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ.

ಯೆಸ್ಲಿಯ ಮೊಕದ್ದಮೆ ಶುರುವಾಗಿದೆ. ಹುಡುಗಿ ಈಗ ಗ್ರಿಮಾನೆಸಾಳ ಮನೆಯಲ್ಲಿದ್ದಾಳೆ. ಅವಳ ಅಮ್ಮ ಗಂಡನ ಕಡೆ. ಪೇಟೆಯ ನಡುವೆ ಗ್ರಿಮಾನೆಸಾಳ ಮೇಲೆ ಕೂಗಾಡಿದಳಂತೆ: "ನನ್ನ ಸಂಸಾರ ಹಾಳ್ ಮಾಡ್ದೆ ಕಣೆ ಹಾಳಾದೋಳೆ! ಟೀವಿ ನೋಡಿ ನೋಡಿ ಹುಡುಗಿ ತಲೆ ಕೆಟ್ಟಿದೆ, ನೀನು ಅದಕ್ಕೆ ಡೋಲು ಬಾರಿಸ್ತಿದೀಯ!" ಗ್ರಿಮಾನೆಸಾ ಎಲೆ ಮಡಚುತ್ತಾ ಕೂತಳಂತೆ.

ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ. ಅತ್ತೆಯನ್ನು ಮಾತ್ರ ಹುಡುಗಿಯ ಪಕ್ಕ ಕೂರಲು ಬಿಟ್ಟರು. ಅಲ್ಲಿ ನಡೆದದ್ದನ್ನು ಅವಳೇ ನನ್ನ ಅಡುಗೆಮನೆಗೆ ಬಂದು ಹೇಳಿದಳು.

ಆ ಗಂಡಸಿನ ವಕೀಲ ವಾಲ್ದೆರ್ ಗದರುವವನಲ್ಲ. ಬಹಳ ಮೃದು. ಹುಡುಗಿಗೆ ನೀರು ಕೊಡಿಸಿದ, ಆಮೇಲೆ ಕೇಳಿದ.

"ಪುಟ್ಟೀ, ಪೊಲೀಸ್ನೋರಿಗೆ ನೀನು ಏನು ಹೇಳಿದ್ಯಮ್ಮ? ನಿನ್ನ ಮಾತಲ್ಲೇ ಇನ್ನೊಂದ್ಸಲ ಹೇಳು."

ಯೆಸ್ಲಿ ತಲೆ ತಗ್ಗಿಸಿ ಹೇಳಿದಳು: "ಅವನು ಬಂದಾಗ ನಾನು ಸೂರಿನ ತಗಡಲ್ಲಿರೋ ತೂತು ನೋಡ್ತೀನಿ. ಆ ತೂತಿನಿಂದ ಆಚೆ ಹೊರಟೋಗ್ತೀನಿ. ಇಲ್ಲಿ ನನ್ನ ಅಂಗಿ ಮಾತ್ರ ಬಿದ್ದಿರತ್ತೆ."

"ಚೆನ್ನಾಗಿ ಹೇಳ್ದೆ. ನಿಮ್ಮನೆ ಸೂರು ಯಾವ್ದಮ್ಮ?"

ಹುಡುಗಿ ಅತ್ತೆಯ ಕಡೆ ನೋಡಿದಳು.

"ಹೇಳು ಪುಟ್ಟೀ. ತಗಡಾ?"

"ಅಲ್ಲ. ಎಲೆ."

ಮನೆಯ ಫೋಟೋವನ್ನು ಅವನು ನ್ಯಾಯಾಧೀಶರ ಮುಂದಿಟ್ಟ. ಬೆಲೆನ್‌ನ ಎಲ್ಲ ಬಡವರ ಮನೆಯಂತೆ ತಾಳೆಗರಿಯ ಸೂರು, ತಗಡಿನ ಒಂದು ಚೂರೂ ಇಲ್ಲ. ಆಮೇಲೆ ಟಿ.ವಿ. ತರಿಸಿ, ನಮ್ಮ ಕಂತನ್ನೇ ಹಾಕಿ ತೋರಿಸಿದ. ಲುಸ್ಮಿಲಾ ಠಾಣೆಯಲ್ಲಿ ನಿಂತು ಅದೇ ಮಾತನ್ನು, ಅದೇ ಕ್ರಮದಲ್ಲಿ, ಒಂದಕ್ಷರ ಬದಲಿಲ್ಲದೆ ಹೇಳಿದಳು. ತಗಡು, ತೂತು, ಅಂಗಿ.

"ಸ್ವಾಮೀ, ಈ ಮಗು ಕೆಟ್ಟದ್ದಲ್ಲ" ಎಂದನಂತೆ ವಾಲ್ದೆರ್. "ಮಕ್ಕಳು ನೋಡಿದ್ದನ್ನ ಆಡ್ತವೆ. ಹಾಡು ಕಲಿತಂಗೆ ಇದನ್ನೂ ಕಲ್ತಿದೆ. ಯಾರೋ ಟಿ.ವಿ.ಗೆ ಅಂತ ಕಟ್ಟಿದ ಮಾತಿಗೆ ಒಬ್ಬ ಮನುಷ್ಯನ್ನ ಜೈಲಿಗೆ ಹಾಕಕ್ಕಾಗತ್ತಾ?"

ಯೆಸ್ಲಿ ಆಮೇಲೆ ಬಾಯಿ ಬಿಡಲಿಲ್ಲ. ನ್ಯಾಯಾಧೀಶರು ಕೇಳಿದರೂ ಇಲ್ಲ, ಸರ್ಕಾರಿ ವಕೀಲೆ ಕೇಳಿದರೂ ಇಲ್ಲ. ಮನೆಗೆ ಬಂದ ಮೇಲೂ ಇಲ್ಲ. ವೈದ್ಯರ ವರದಿಯಲ್ಲಿ ಖಚಿತವಾಗಿ ಏನೂ ಇಲ್ಲವಂತೆ. ಉಳಿದದ್ದು ಅವಳ ಮಾತೊಂದೇ, ಆ ಮಾತೂ ನನ್ನದು.

ಗ್ರಿಮಾನೆಸಾ ಕಾಫಿ ಮುಟ್ಟಲಿಲ್ಲ. "ಟೀಚರಮ್ಮ, ನೀವು ಒಳ್ಳೇದಕ್ಕೇ ಬರೆದ್ರಿ, ನಂಗೊತ್ತು" ಎಂದಳು. "ಆದ್ರೆ ಅಷ್ಟು ಚೆಂದಾಗಿ ಯಾಕೆ ಬರೆದ್ರಿ? ಒಂಚೂರು ಸುಮಾರಾಗಿ ಬರೆದಿದ್ರೆ ನಮ್ಮುಡುಗಿ ತನ್ನ ಮಾತೇ ಹುಡುಕ್ಕೋತಿದ್ಲು." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅಕ್ಕಾ. ಅವಳು ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು.

ಸರ್ಕಾರಿ ವಕೀಲೆ ನನ್ನನ್ನು ಕರೆಸಿದ್ದಳು. ಇನ್ನೂ ಮೂವತ್ತು ದಾಟದ, ನಿದ್ದೆಗೆಟ್ಟ ಕಣ್ಣಿನ ಹುಡುಗಿ. ನನ್ನನ್ನು ಸಾಕ್ಷಿಯಾಗಿ ನಿಲ್ಲಿಸುತ್ತಾಳಂತೆ. ಹೇಳಲಾಗದ್ದನ್ನು ಮಕ್ಕಳು ಬೇರೆಯವರ ಮಾತಿನಲ್ಲಿ ಹೇಳುತ್ತವೆ, ಅದಕ್ಕೇ ಈ ಕಾರ್ಯಕ್ರಮ ಮಾಡಿದ್ದು ಎಂದು ನಾನು ವಿವರಿಸಬೇಕಂತೆ. "ವಾಲ್ದೆರ್ ಬಿಡಲ್ಲ ಮೇಡಂ, ಆ ಮಾತು ಎಲ್ಲಿಂದ ತಂದ್ರಿ ಅಂತ ಕೇಳೇ ಕೇಳ್ತಾನೆ. ಏನಂತೀರ?" ಎಂದಳು. ಯೋಚಿಸುತ್ತೇನೆ ಎಂದೆ.

ನೆಸ್ತೋರ್‌ಗೆ ಹೆದರಿಕೆ ಹತ್ತಿದೆ. ಜಾಹೀರಾತು ಕೊಡುವ ಸೋಪಿನ ವ್ಯಾಪಾರಿ, ಕೋರ್ಟು ಕಚೇರಿಗೆ ಹೋಗುವ ಧಾರಾವಾಹಿ ತನಗೆ ಬೇಡ ಎಂದನಂತೆ. "ಕಲ್ಪನೆ ಅಂತ ಹೇಳಿ ಮುಗಿಸಿಬಿಡು ದೆಲ್ಮಿರಾ. ಬರಹಗಾರ್ತಿ ಕಲ್ಪನೆ. ಯಾರಿಗೂ ತಲೆನೋವಿಲ್ಲ" ಎಂದ. ನಾಲ್ಕು ಸಲ ತಿದ್ದಿಸಿದವನೇ ಇವನು.

ಕಲ್ಪನೆ ಎಂದು ಹೇಳಿಬಿಟ್ಟರೆ ಮುಗಿಯಿತು, ಅಕ್ಕಾ. ಯೆಸ್ಲಿಯ ಕಥೆಯೂ ಮುಗಿಯುತ್ತದೆ. ಆ ಗಂಡಸು ಮನೆಗೆ ಬರುತ್ತಾನೆ, ಹುಡುಗಿಯನ್ನು ಅಮ್ಮನಿಗೆ ಒಪ್ಪಿಸುತ್ತಾರೆ.

ನನಗಾಗಿ ಒಂದು ಮೇಣದಬತ್ತಿ ಹಚ್ಚು. ಯಾಕೆಂದು ದೇವರಿಗೆ ಹೇಳಬೇಕಾಗಿಲ್ಲ.

ದೆಲ್ಮಿರಾ


ಇಕಿತೋಸ್
೧೨ ಅಕ್ಟೋಬರ್ ೨೦೦೩

ನನ್ನ ಅಕ್ಕಾ,

ಈ ಕಾಗದ ತಡವಾಗಲಿಲ್ಲ. ನಾಳೆಯ ಲಾಂಚಿಗೇ ಕಳಿಸುತ್ತಿದ್ದೇನೆ. ಬೇರೆ ಯಾರೂ ನಿನಗೆ ಮುಟ್ಟಿಸುವ ಮುಂಚೆ ಇದು ನಿನ್ನ ಕೈಯಲ್ಲಿರಬೇಕು. ಮುಚ್ಚಿದ ಬಾಗಿಲ ವಿಚಾರಣೆಯಂತೆ! ಇಕಿತೋಸ್‌ನಲ್ಲಿ ಯಾವ ಬಾಗಿಲಿಗೆ ಬಿರುಕಿಲ್ಲ? ಇವತ್ತು ಕಾಯಿಪಲ್ಯ ಕೊಳ್ಳುವಾಗ ಒಬ್ಬಳು ನನಗೆ ಸುಮ್ಮನೆ ಎರಡು ಬಾಳೆಹಣ್ಣು ಹೆಚ್ಚಿಗೆ ಹಾಕಿದಳು, ಮುಖ ನೋಡದೆ. ನಾನು ಒಳಗೆ ಹೇಳಿದ್ದು ಹೊರಬಿದ್ದಿದೆ ಎಂದು ಆಗಲೇ ಗೊತ್ತಾಯಿತು.

ಸಾಧ್ಯವಾದರೆ ಬಾಗಿಲು ಹಾಕಿಕೊಂಡು ಓದು. ಮಕ್ಕಳ ಕೈಗೆ ಓದಲು ಕೊಡಬೇಡ.

ನಾನು ಕಟಕಟೆಯಲ್ಲಿ ನಿಂತೆ. ವಾಲ್ದೆರ್ ನನಗೂ ನೀರು ಕೊಡಿಸಿದ.

"ಮೇಡಂ, 'ದೋಣಿಕಟ್ಟೆಯ ಮನೆ' ಬರೆಯೋರು ನೀವೇ ಅಲ್ವಾ?"

"ಹೌದು."

"ತಗಡಿನ ಸೂರು, ಅದ್ರಲ್ಲಿ ತೂತು. ಅದನ್ನ ಕಟ್ಟಿದ್ದೂ ನೀವೇ?"

"ಬರೆದಿದ್ದು ನಾನೇ. ಕಟ್ಟಿದ್ದಲ್ಲ."

"ಅಂದ್ರೆ?"

ಎದುರಿನ ಹಲಗೆ ಹಿಡಿದುಕೊಂಡೆ. ಹುಡುಗಿ ಅತ್ತೆಯ ಪಕ್ಕ ತಲೆ ತಗ್ಗಿಸಿ ಕೂತಿದ್ದಳು, ಅವಳ ಬೈತಲೆ ಮಾತ್ರ ಕಾಣುತ್ತಿತ್ತು. ಆ ಬೈತಲೆಗೆ ಹೇಳುವಂತೆ ಹೇಳಿದೆ:

"ಆ ಸೂರು ರೆಕೇನಾದಲ್ಲಿದೆ. ನಮ್ಮ ಅಮ್ಮನ ಮನೇದು. ಅಮ್ಮ ಪೇಟೆಗೆ ಹೋದಾಗ ನಮ್ಮ ಮಲತಂದೆ ಅಬ್ಸಲೋನ್ ಕೋಣೆಗೆ ಬರ್ತಿದ್ದ. ನಂಗೆ ಆಗ ಹತ್ತು ವರ್ಷ. ನಾನು ತಗಡಲ್ಲಿದ್ದ ತೂತನ್ನ ನೋಡ್ತಾ ಮಲಗಿರ್ತಿದ್ದೆ. ಒಂದ್ಸಲ ಅಮ್ಮಂಗೆ ಹೇಳ್ದೆ, ಇದೇ ಮಾತಲ್ಲಿ. ತೂತಿನಿಂದ ಆಚೆ ಹೋಗ್ತೀನಿ ಅಮ್ಮ, ಇಲ್ಲಿ ನನ್ನ ಅಂಗಿ ಮಾತ್ರ ಇರತ್ತೆ ಅಂತ. ಅಮ್ಮ ಸೋಪು ಕೈಗೆ ಕೊಟ್ಟು ಆ ಅಂಗಿ ಒಗ್ಕೊಂಡು ಬಾ ಅಂದ್ಲು. ಆಮೇಲೆ ನಾನು ಯಾರಿಗೂ ಹೇಳ್ಲಿಲ್ಲ. ಧಾರಾವಾಹಿ ಬರೆಯೋವರ್ಗೂ."

ವಾಲ್ದೆರ್ ಕಾಗದ ತಿರುವಿದ.

"ಈ ಮಗೂ ಮನೇಲಿ ತಗಡಿಲ್ಲವಲ್ಲ ಮೇಡಂ" ಎಂದ ಕೊನೆಗೆ.

"ಇಲ್ಲ. ಅವಳ ಹತ್ರ ಮಾತೂ ಇರಲಿಲ್ಲ. ನಂದನ್ನ ತಗೊಂಡ್ಲು. ಹೊದಿಯೋಕೆ ಏನೂ ಇಲ್ದೇ ಇದ್ದಾಗ ಪಕ್ಕದ ಮನೆ ಕಂಬಳಿ ಇಸ್ಕೊಂಡ್ರೆ, ಚಳಿ ಸುಳ್ಳಾಗತ್ತಾ?"

ಆಗ ಯೆಸ್ಲಿ ತಲೆಯೆತ್ತಿದಳು.

ಮೂವರು ನ್ಯಾಯಾಧೀಶರಲ್ಲಿ ಹಿರಿಯರು ಸ್ವಲ್ಪ ಹೊತ್ತು ವಿಚಾರಣೆ ನಿಲ್ಲಿಸಿದರು. ಅಂಗಳದಲ್ಲಿ ಮಾವಿನ ಮರದ ಕೆಳಗೆ ನಾನು ಕೂತಿದ್ದೆ. ಹುಡುಗಿ ಬಂದು ನನ್ನ ಪಕ್ಕ ಕೂತಳು, ಆದರೆ ಮುಟ್ಟದಷ್ಟು ದೂರ.

"ಆ ತೂತು ನಿಜ್ವಾಗ್ಲೂ ಇತ್ತಾ?" ಎಂದಳು. ವಾರಗಟ್ಟಲೆ ಮಾತಾಡದ ಗಂಟಲು, ಒಡೆದು ಹೋಗಿತ್ತು.

"ಇತ್ತು."

"ಎಷ್ಟು ದೊಡ್ಡದು?"

"ಬೆರಳು ತೂರುವಷ್ಟು."

"ಅಷ್ಟರಲ್ಲಿ ಹೋಗ್ತಿದ್ರಾ?"

"ಹೂಂ."

ಅವಳು ತನ್ನ ಬೆರಳನ್ನು ನೋಡಿಕೊಂಡಳು. "ನಮ್ದು ಎಲೆ ಸೂರು. ಎಲ್ಲಿಂದ ಬೇಕಾದ್ರೂ ಹೋಗ್ಬಹುದಿತ್ತು. ನಂಗೇ ಗೊತ್ತಾಗ್ಲಿಲ್ಲ."



ಒಳಗೆ ಹೋದ ಮೇಲೆ ಅವಳು ತಾನಾಗಿಯೇ ಎದ್ದು ನಿಂತಳು. ಈ ಸಲ ತಗಡಿನ ಮಾತಿಲ್ಲ, ಲುಸ್ಮಿಲಾಳ ಮಾತಿಲ್ಲ. ತಡವರಿಸುತ್ತಾ, ನಡುನಡುವೆ ನಿಲ್ಲಿಸುತ್ತಾ, ಒಂದು ಗಂಟೆ ಹೇಳಿದಳು. ಅವನು ಬರುವಾಗ ದೋಣಿಯನ್ನು ಮನೆಯ ಕಂಬಕ್ಕೆ ಕಟ್ಟುವ ಸದ್ದು. ಆ ಸದ್ದು ಕೇಳಿದ ಕೂಡಲೇ ತಾನು ತಮ್ಮನನ್ನು ಆಡಲು ಆಚೆ ಕಳಿಸುತ್ತಿದ್ದದ್ದು. ಅಮ್ಮ ಎಲ್ಲ ಗೊತ್ತಿದ್ದೂ ಕಿಟಕಿಯತ್ತ ಮುಖ ತಿರುಗಿಸಿಕೊಂಡು ಕೂರುತ್ತಿದ್ದಳಂತೆ. ಈ ಮಾತುಗಳನ್ನು ನಾನು ಯಾವ ಕಂತಿನಲ್ಲೂ ಬರೆದಿರಲಿಲ್ಲ. ಬರೆಯಲು ನನಗೆ ಬರುತ್ತಲೂ ಇರಲಿಲ್ಲ.

ಮೊನ್ನೆ ತೀರ್ಪಾಯಿತು. ಅವನಿಗೆ ಶಿಕ್ಷೆಯಾಗಿದೆ, ಯೆಸ್ಲಿ ಅತ್ತೆಯ ಮನೆಯಲ್ಲೇ ಇರುತ್ತಾಳೆ. ಹೊರಗೆ ಅವಳ ಅಮ್ಮ ನಮ್ಮಿಬ್ಬರ ಮೇಲೂ ಉಗಿದಳು. ಹುಡುಗಿ ತಿರುಗಿ ನೋಡಿ, "ಅಮ್ಮಂಗೆ ಊಟ ಆಯ್ತಾ ಅಂತ ಕೇಳಿ ಅತ್ತೆ" ಎಂದಳು. ಗೆದ್ದದ್ದು ಹೀಗಿತ್ತು.

ಧಾರಾವಾಹಿ ನಿಂತಿದೆ. ಸೋಪಿನವನು ಕೈ ಬಿಟ್ಟ, ಚಾನೆಲ್‌ನವರು ಆ ಹೊತ್ತಿಗೆ ಹಾಡಿನ ಸ್ಪರ್ಧೆ ಹಾಕಿದ್ದಾರೆ. ನೆಸ್ತೋರ್ ಮನೆಗೆ ಬಂದು ಬಾಗಿಲಲ್ಲೇ ನಿಂತಿದ್ದ. "ನಾಲ್ಕು ಸಲ ತಿದ್ದಿಸ್ದೆನಲ್ಲೇ ದೆಲ್ಮಿರಾ, ಒಂದ್ಮಾತು ಹೇಳ್ಬಾರ್ದಿತ್ತಾ" ಎಂದ. ಒಳಗೆ ಕರೆದು ಕಾಫಿ ಕೊಟ್ಟೆ. ಫೋನಿನ ಮುಂದೆ ಮಾತ್ರ ಚರ್ಚಿನ ಹೆಂಗಸರು ಇನ್ನೂ ಕೂತಿದ್ದಾರೆ. ನಂಬರ್ ಊರಿಗೆಲ್ಲ ಬಾಯಿಪಾಠವಾಗಿದೆ, ಕಾರ್ಯಕ್ರಮ ಇಲ್ಲದಿದ್ದರೂ ಫೋನ್ ರಿಂಗಾಗುತ್ತಲೇ ಇದೆ. ವಾರಕ್ಕೆರಡು ಸಂಜೆ ನಾನೂ ಹೋಗಿ ಕೂರುತ್ತೇನೆ.

ಸಮಾಧಿಗೆ ಸುಣ್ಣ ಬಳಿಯಲು ನಾನು ಬರುವುದಿಲ್ಲ. ಕಾರಣ ಈಗ ನಿನಗೆ ಗೊತ್ತಾಯಿತು. ನಿನ್ನ ಊರಲ್ಲಿ ಜನ ಏನನ್ನುತ್ತಾರೋ, ಆ ಮನುಷ್ಯನ ಹೆಸರಿಟ್ಟುಕೊಂಡ ನಿನ್ನ ಮಗ ಏನನ್ನುತ್ತಾನೋ, ಅದೆಲ್ಲ ನಿನ್ನ ತಲೆಯ ಮೇಲೆ ಬೀಳುತ್ತದೆ. ನಿನ್ನನ್ನು ಕೇಳದೆ ಹೇಳಿದೆ. ಬೈಯುವುದಾದರೆ ಕಾಗದದಲ್ಲಿ ಬೈಯಬೇಡ, ಬಂದು ಬೈ.

ನಿನ್ನ ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ. ಅವರ ನಿದ್ದೆಗೆ ಯಾವ ಹೆಜ್ಜೆಸದ್ದೂ ಅಡ್ಡ ಬರದಿರಲಿ.

ನಿನ್ನ
ದೆಲ್ಮಿರಾ

ಇನ್ನೊಂದು ಮಾತು. ಸಹಿ ಹಾಕಿ ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದ್ದೇನೆ. ವಾಲ್ದೆರ್ ಕೊನೆಗೆ ಕೇಳಿದ ಒಂದು ಪ್ರಶ್ನೆಯನ್ನು ಮೇಲೆ ಬರೆಯಲಿಲ್ಲ. "ಆ ಮನೇಲಿ ಬೇರೆ ಮಕ್ಕಳಿದ್ರಾ?" ಎಂದ. "ನನ್ನಕ್ಕ ಇದ್ಲು, ನನಗಿಂತ ಮೂರು ವರ್ಷಕ್ಕೆ ದೊಡ್ಡೋಳು" ಎಂದೆ. "ಅವರಿಗೆ ಇದು ಗೊತ್ತಿತ್ತಾ?" ಎಂದ. ಗೊತ್ತಿರಲಿಲ್ಲ ಎಂದು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ನೀನು ನನ್ನನ್ನು ಲಾಂಚು ಹತ್ತಿಸಿದ ದಿನ ಕಣ್ಣೆದುರು ಬಂತು. ಇಕಿತೋಸ್‌ನಲ್ಲಿದ್ದ ನನ್ನ ಜ್ಞಾನಸ್ನಾನದ ತಾಯಿಗೆ ಮನೆಗೆಲಸಕ್ಕೆ ಹುಡುಗಿ ಬೇಕಂತೆ ಎಂದು ಅಮ್ಮನಿಗೆ ಸುಳ್ಳು ಹೇಳಿ ನೀನೇ ಹೊರಡಿಸಿದೆ. ಬೇಡ ಎಂದು ಅತ್ತು ನಿನ್ನ ಲಂಗ ಹಿಡಿದುಕೊಂಡರೆ, ಬೆರಳು ಒಂದೊಂದಾಗಿ ಬಿಡಿಸಿದೆ. "ಕ್ರಿಸ್‌ಮಸ್‌ಗೂ ಬರ್ಬೇಡ. ಬಂದ್ರೆ ನದೀಗೆ ತಳ್ಳಿಬಿಡ್ತೀನಿ" ಅಂದೆ. ಅಮ್ಮ ನಿನಗೊಬ್ಬಳಿಗೇ ಬೇಕಿತ್ತು, ಅದಕ್ಕೇ ನನ್ನನ್ನು ಓಡಿಸಿದೆ ಎಂದು ಇಷ್ಟು ವರ್ಷ ನಂಬಿದ್ದೆ. ಗೆಳತಿಯರ ಮುಂದೆ ನಗುತ್ತಾ ಹೇಳಿಕೊಂಡೂ ಇದ್ದೆ, ನನ್ನಕ್ಕ ಎಂಥ ಗಟ್ಟಿಗಿತ್ತಿ ನೋಡಿ ಎಂದು. ನಾನು ನಿನಗೆ ಏನನ್ನೂ ಹೇಳಿರಲಿಲ್ಲವಲ್ಲ, ಅಕ್ಕಾ. ಹಾಗಾದರೆ ಹದಿಮೂರು ವರ್ಷದ ಹುಡುಗಿಗೆ ಅದು ಹೇಗೆ ಗೊತ್ತಾಯಿತು? ನಾನು ಹೋದ ಮೇಲೆ ಆ ಕೋಣೆಯಲ್ಲಿ ಉಳಿದವಳು ನೀನೊಬ್ಬಳೇ. ನನ್ನನ್ನು ಹತ್ತಿಸಲು ನೀನಿದ್ದೆ. ನಿನ್ನನ್ನು ಹತ್ತಿಸಲು ಯಾರಿದ್ದರು?

ಉತ್ತರ ಬರೆಯಬೇಡ. ಬಂದುಬಿಡು. ದೋಣಿಕಟ್ಟೆಯಲ್ಲಿ ಪ್ರತಿ ಲಾಂಚಿಗೂ ಬಂದು ನಿಂತಿರುತ್ತೇನೆ.